ಪೆಟ್ಟಿಗೆಯೊಳಗಿನ ಗುಡುಗು

ಸ್ಟಾಕ್‌ಹೋಮ್ ಹತ್ತಿರದ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರದಲ್ಲಿ ಒಪೆರಾ ನೋಡಲು ಕೂತಿದ್ದೆ. ಮೇಲೆಲ್ಲೋ ಗುಡುಗಿತು. ನಾನು ನಿಜಕ್ಕೂ ಬೆಚ್ಚಿದೆ. ಆಮೇಲೆ ತಿಳಿಯಿತು, ಅದು ಕಲ್ಲು ತುಂಬಿದ ಮರದ ಪೆಟ್ಟಿಗೆ. ಯಾರೋ ಹಗ್ಗ ಜಗ್ಗಿ ಓಲಾಡಿಸಿದ್ದರು, ಅಷ್ಟೇ.

1766ರ ಕಟ್ಟಡವಿದು. 1792ರಲ್ಲಿ ಕಲಾಪ್ರೇಮಿ ದೊರೆ ಮೂರನೆಯ ಗುಸ್ತಾವ್ ಕೊಲೆಯಾದ ಮೇಲೆ ಇಲ್ಲಿ ಮೌನ ಕವಿಯಿತು. 1921ರಲ್ಲಿ ವಿದ್ವಾಂಸ ಆಗ್ನೆ ಬೈಯರ್ ಒಳಹೊಕ್ಕಾಗ ರಾಟೆ, ಹಗ್ಗ, ಚಿತ್ರಪಟಗಳು ದೂಳು ಹೊದ್ದು ಹಾಗೆಯೇ ಇದ್ದವು. ಯಾರೂ ರಿಪೇರಿಗೆ ಕೈಹಾಕದ್ದೇ ಪುಣ್ಯ! ಈಗಲೂ ವೇದಿಕೆಯಡಿ ಜನ ದೊಡ್ಡ ರಾಟೆ ತಿರುಗಿಸುತ್ತಾರೆ. ಎರಡೂ ಪಕ್ಕದ ಪಟಗಳು ಒಟ್ಟಿಗೆ ಸರಿದು, ನಮ್ಮ ಕಣ್ಣೆದುರೇ ಅರಮನೆ ಕಾಡಾಗುತ್ತದೆ. ತಿರುಚಿದ ಮರದ ಉರುಳೆಗಳು ಸುತ್ತಿದರೆ ಸಮುದ್ರ.

ವಾದ್ಯಗಳೂ ಹಳೆಯ ರೀತಿಯವು. ಪಿಟೀಲಿಗೆ ಪ್ರಾಣಿಯ ಕರುಳಿನ ತಂತಿ. ನಾದ ಮೆದು, ತುಸು ಒರಟು. ಬರೋಕ್ ಸಂಗೀತಕ್ಕೆ ಶ್ರುತಿಯನ್ನೂ ಸಾಮಾನ್ಯವಾಗಿ 440ರಿಂದ 415 ಹರ್ಟ್ಸ್‌ಗೆ, ಅಂದರೆ ಸುಮಾರು ಅರ್ಧ ಸ್ವರ, ಇಳಿಸುತ್ತಾರೆ. ಹವೆ ಬದಲಾದರೆ ಈ ತಂತಿಗಳು ಮುನಿಸಿಕೊಳ್ಳುತ್ತವೆ, ಮತ್ತೆ ಶ್ರುತಿ ಮಾಡಬೇಕು.

ಪ್ರದರ್ಶನ ಬೇಸಿಗೆಯಲ್ಲಿ ಮಾತ್ರ. ಕೂರಲು ಬೆಂಚುಗಳು; ಬೆನ್ನುನೋವಿದ್ದವರು ಯೋಚಿಸಿ ಟಿಕೆಟ್ ಕೊಳ್ಳಿ.