ಹತ್ತು ಪಥದ ರಸ್ತೆ ಬಿಟ್ಟು ಇಳಿದರೆ

ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ ಎರಡೂ ಬಹಳಷ್ಟು ಪ್ರಯಾಣಿಕರಿಗೆ ಫಲಕದ ಮೇಲಿನ ಹೆಸರುಗಳಷ್ಟೇ ಆಗಿವೆ. ಬೈಪಾಸು ಬಂತು, ಊರು ಪಕ್ಕಕ್ಕೆ ಸರಿಯಿತು. ಹಳೇ ರಸ್ತೆಯ ಹೋಟೆಲಿನವರು, ಎಳನೀರು ಮಾರುವವರು ವ್ಯಾಪಾರ ಬಿದ್ದುಹೋದ ಸಂಕಟ ಹೇಳಿಕೊಂಡರು. ಅದೇ ರಸ್ತೆಯ ಆಸುಪಾಸಿನ ಗುಡಿ, ಶಾಸನ, ಸ್ಮಾರಕಗಳಿಗೆ ಹೇಳಿಕೊಳ್ಳಲು ಬಾಯಿಲ್ಲ. ಅವುಗಳ ಪರವಾಗಿ ಈ ಲೇಖನ. ಒಂದು ಭಾನುವಾರ ಬಿಡುವಿದ್ದರೆ ಮದ್ದೂರಿನಲ್ಲಿ ಇಳಿದು, ಮಳವಳ್ಳಿ ಹಾದು, ಕಾವೇರಿ ದಂಡೆಯ ತಲಕಾಡಿನ ಮರಳಿನವರೆಗೆ ಹೋಗಿಬನ್ನಿ.

ಮೊದಲು ಸಿಗುವುದು ಮದ್ದೂರಿನ ಅಂಚಿನ ಶಿವಪುರ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದ್ದು ಇಲ್ಲಿ. ಸರ್ಕಾರದ ನಿಷೇಧವಿದ್ದರೂ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ತ್ರಿವರ್ಣ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ ಕೊನೆಯಲ್ಲಿ ಧ್ವಜಕ್ಕಾಗಿಯೇ ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಜನ ಬಲಿಯಾದರು. ಶಿವಪುರದ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧ ಹಳೇ ಹೆದ್ದಾರಿಯ ಬದಿಯಲ್ಲೇ ಇದೆ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡವರು ಲಕ್ಷಾಂತರ ಮಂದಿ ಇರಬಹುದು. ಒಳಗೆ ಕಾಲಿಟ್ಟವರು ಕಡಿಮೆ.

ಮದ್ದೂರು ಪೇಟೆಯಲ್ಲಿ ಉಗ್ರನರಸಿಂಹನ ಗುಡಿಗೆ ಹೋಗುವವರು ಹತ್ತಿರದ ವರದರಾಜನನ್ನು ನೋಡದೆ ಬರಬಾರದು. ಹನ್ನೆರಡು ಅಡಿಯಷ್ಟು ಎತ್ತರದ ನಿಂತ ಮೂರ್ತಿ. ಅಲ್ಲಾಳನಾಥ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಗರ್ಭಗುಡಿಯ ವಿಗ್ರಹದ ಹಿಂಬದಿಗೆ ಶಿಲ್ಪಿ ಅಷ್ಟಾಗಿ ಉಳಿ ತಾಗಿಸುವುದಿಲ್ಲ. ಇಲ್ಲಿ ಬೆನ್ನನ್ನೂ ಎದೆಯಷ್ಟೇ ಶ್ರದ್ಧೆಯಿಂದ ಕಡೆದಿದ್ದಾರೆ. ‘ಎಲ್ಲಾ ದೇವರ ಮುಂದೆ ನೋಡು, ಅಲ್ಲಾಳನಾಥನ ಹಿಂದೆ ನೋಡು’ ಎಂಬ ಈ ಸೀಮೆಯ ಗಾದೆ ಹುಟ್ಟಿದ್ದು ಅದಕ್ಕೇ. ಇನ್ನು ಮದ್ದೂರು ವಡೆ. 1917ರಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ನಿಲ್ದಾಣದಲ್ಲಿ ಮಾರಲು ಶುರುಮಾಡಿದ್ದು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ತಿಂದು ಮುಂದೆ ಹೊರಡಿ.

ಈ ತಾಲ್ಲೂಕಿನಲ್ಲಿ ನನ್ನ ಮನಸ್ಸು ಹೆಚ್ಚು ಎಳೆಯುವ ಊರು ಆತಕೂರು; ಜನರ ಬಾಯಲ್ಲಿ ಆತಗೂರು. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರ ಕಾಳಗ ನಡೆಯಿತು. ಕೃಷ್ಣನ ಕಡೆಯಿದ್ದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ಯುವರಾಜ ರಾಜಾದಿತ್ಯನನ್ನು ಕೊಂದ. ಅದೇ ಯುದ್ಧದಲ್ಲಿ ಮಣಲೇರ ಎಂಬ ವೀರ ಎದುರಿಲ್ಲದಂತೆ ಕಾದಿದ. ಮೆಚ್ಚಿದ ಒಡೆಯ ‘ಏನು ಬೇಕೋ ಕೇಳು’ ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದನ್ನೊಂದು ಹಿಡಿದುಕೊಂಡಿವೆ. ದೊಡ್ಡ ಸಾಮ್ರಾಜ್ಯಗಳ ಯುದ್ಧಕ್ಕೆ ಇತಿಹಾಸಕಾರರು ಆಧಾರವಾಗಿ ಹಿಡಿಯುವ ಮುಖ್ಯ ಸಾಕ್ಷ್ಯಗಳಲ್ಲಿ ಒಂದು, ಮೂಲದಲ್ಲಿ ಸಾಕಿದ ನಾಯಿಗಾಗಿ ಅತ್ತವನೊಬ್ಬ ನೆಟ್ಟ ಕಲ್ಲು! ಇಂಥ ಇನ್ನೊಂದು ಶಾಸನ ನನ್ನ ಪ್ರೀತಿಗೆ ಸಿಕ್ಕಿಲ್ಲ. ಮೂಲ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾಗಿದೆ. ಅದನ್ನು ಅಲ್ಲಿ ನೋಡಿ, ಊರನ್ನು ಇಲ್ಲಿ ನೋಡಿ.

ಎರಡು ದಿನ ಇದ್ದರೆ ಮಂಡ್ಯ ತಾಲ್ಲೂಕಿನ ಬಸರಾಳನ್ನೂ ಸೇರಿಸಿಕೊಳ್ಳಬಹುದು. 1234ರಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಅಲ್ಲಿದೆ. ಹೊರಗೋಡೆಯಲ್ಲಿ ಕೈಲಾಸ ಎತ್ತುವ ರಾವಣ, ಮತ್ಸ್ಯಯಂತ್ರ ಭೇದಿಸುವ ಅರ್ಜುನ ಇದ್ದಾರೆ. ಬೇಲೂರು ಹಳೇಬೀಡಿನ ನೂಕುನುಗ್ಗಲಿಲ್ಲದೆ ಹೊಯ್ಸಳರನ್ನು ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುಡಿ ಸಿಗಲಾರದು.

ಮದ್ದೂರಿನಿಂದ ಮಳವಳ್ಳಿ ಕಡೆ ತಿರುಗಿದರೆ ಕಬ್ಬು, ಭತ್ತ, ರಾಗಿ ಹೊಲಗಳ ದಾರಿ. 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನ್ ಜನರಲ್ ಹ್ಯಾರಿಸ್‌ನ ಸೈನ್ಯವನ್ನು ಎದುರಿಸಿ ಹಿಂದೆ ಸರಿದದ್ದು ಮಳವಳ್ಳಿಯ ಬಳಿಯೇ. ಮುಂದಿನ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಗಗನಚುಕ್ಕಿಯೂ ಇದೇ ತಾಲ್ಲೂಕಿನ ದಾರಿಯಲ್ಲಿದೆ. ಜಲಪಾತ ನೋಡುವವರು ಶಿವನಸಮುದ್ರದ ವಿದ್ಯುದಾಗಾರವನ್ನೂ ನೆನೆಯಬೇಕು. 1902ರಲ್ಲಿ ಇಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿ ತಲುಪಿತು.

ಕೊನೆಗೆ ತಲಕಾಡು. ಆಡಳಿತಕ್ಕೆ ಅದು ಮೈಸೂರು ಜಿಲ್ಲೆ, ಮಳವಳ್ಳಿಯವರಿಗೆ ನೆರೆಯ ಊರು. ಮರಳುಗಾಡಿನಲ್ಲಿ ಕಲೆ ನೋಡಲು ಜನ ಜೈಸಲ್ಮೇರಿನವರೆಗೆ ಹೋಗುತ್ತಾರೆ. ನಮ್ಮಲ್ಲಿ ಕಾವೇರಿ ದಂಡೆಯಲ್ಲೇ ಮರಳು ಬೆಟ್ಟದಂತೆ ಎದ್ದು ಗಂಗರ ರಾಜಧಾನಿಯನ್ನು ಮುಚ್ಚಿದೆ. ಪಾತಾಳೇಶ್ವರನಿಗೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುತ್ತಾ ಸುತ್ತ ಮರಳಿನ ದಿಣ್ಣೆ ತಲೆಗಿಂತ ಎತ್ತರವಾಗುತ್ತದೆ. ಚೋಳರನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯೂ ಹೀಗೆಯೇ ತಗ್ಗಿನಲ್ಲಿದೆ. ವೈದ್ಯೇಶ್ವರನ ಬಾಗಿಲಲ್ಲಿರುವ ದ್ವಾರಪಾಲಕರ ಮುಂದೆ ಹತ್ತು ನಿಮಿಷ ನಿಲ್ಲಿ. ಅವರ ಕೊರಳ ಹಾರದ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ.

‘ತಲಕಾಡು ಮರಳಾಗಲಿ’ ಎಂದ ಅಲಮೇಲಮ್ಮನ ಶಾಪದ ಕತೆ ಗೊತ್ತಿಲ್ಲದ ಕನ್ನಡಿಗರಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಪಡೆದ ಮೇಲೆ ಆಕೆ ಒಡವೆಗಳೊಂದಿಗೆ ಮಾಲಂಗಿಯ ಮಡುವಿಗೆ ಹಾರಿದಳು ಎನ್ನುತ್ತಾರೆ. ಸಂಶೋಧಕರು ಹೇಳುವುದು ಬೇರೆ. ಇಲ್ಲಿ ಹೊಳೆ ತಿರುಗುತ್ತದೆ. ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟು ಬಂದ ಮೇಲೆ ನೀರು ತಗ್ಗಿ ಹೊಳೆಯ ಮರಳ ಪಾತ್ರ ಬಯಲಾಯಿತು. ಮುಂಗಾರು ಗಾಳಿ ಅದನ್ನು ದಡಕ್ಕೆ, ದಡದಿಂದ ಊರಿಗೆ ಒಯ್ದಿತು. ಎರಡನ್ನೂ ಮಕ್ಕಳಿಗೆ ಹೇಳಿ. ಒಂದು ಊರಿನ ಸಂಕಟ, ಇನ್ನೊಂದು ಹೊಳೆಯ ಲೆಕ್ಕ. ಕಾರ್ತಿಕ ಸೋಮವಾರದ ಅಪರೂಪದ ಯೋಗ ಕೂಡಿಬಂದಾಗ ಪಂಚಲಿಂಗ ದರ್ಶನ ನಡೆಯುತ್ತದೆ. 2009, 2013, 2020ರಲ್ಲಿ ನಡೆದಿತ್ತು. ಆದರೆ ಗುಡಿಗಳನ್ನು ಸಮಾಧಾನವಾಗಿ ನೋಡುವ ಆಸೆಯಿದ್ದರೆ ಆ ಜಾತ್ರೆಯ ದಿನ ಬೇಡ. ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದರೆ ಮರಳು ಕಾಲು ಸುಡುತ್ತದೆ. ಹೊಳೆಗೆ ಇಳಿಯುವವರು ಸುಳಿಗಳ ಬಗ್ಗೆ ಊರವರ ಮಾತು ಕೇಳಲೇಬೇಕು.

ಶಾಲಾ ಪ್ರವಾಸ ಹೊರಡಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಡಿಸೆಂಬರ್ ಬಂದರೆ ನಿಮ್ಮ ಬಸ್ಸುಗಳು ಮೈಸೂರಿಗೆ ಹೋಗುವುದು ಇದೇ ಸೀಮೆಯ ಮೇಲೆ. ಅರಮನೆ, ಮೃಗಾಲಯ ಇರಲಿ. ಹೋಗುವಾಗಲೋ ಬರುವಾಗಲೋ ಹಳೇ ರಸ್ತೆ ಹಿಡಿದು, ಶಿವಪುರದಲ್ಲಿ ಅರ್ಧ ಗಂಟೆ ಬಸ್ಸು ನಿಲ್ಲಿಸಿ, ಮಕ್ಕಳಿಗೆ ಕಾಳಿಯ ಕತೆಯನ್ನೂ ಹೇಳಿ.