ಮಾಲ್ಟಿನ ಸಿಹಿಯನ್ನು ಬಸಿಯುವ ಬಗೆ

ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಶಾಸನವು ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸುವುದನ್ನು ತೆರಿಗೆಯಿಂದ ಮುಕ್ತಗೊಳಿಸಿದ ತರುವಾಯ, ಅದುವರೆಗೆ ಮರೆಯಲ್ಲಿದ್ದ ಆ ಗೃಹಕರ್ಮವು ಒಂದು ವಿದ್ಯೆಯಾಗಿ ಬೆಳೆಯಿತು. ಸಿದ್ಧ ಪಾಕವನ್ನು ಕೊಳ್ಳದೆ, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯಿಂದಲೇ, ಎಂದರೆ ಮಾಲ್ಟಿನಿಂದಲೇ, ತೊಡಗುವವರ ಶ್ರಮವನ್ನು ಹಗುರಗೊಳಿಸಿದ ಉಪಾಯಗಳಲ್ಲಿ ಬ್ಯಾಚ್ ಸ್ಪಾರ್ಜಿಂಗ್ ಎಂಬುದೇ ಅತ್ಯಂತ ವಿವೇಕಯುತವಾದುದೆಂದು ನಾನು ಭಾವಿಸುತ್ತೇನೆ.

ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ 65ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಗಂಟೆಯ ಕಾಲ ಇರಿಸಿದರೆ, ಧಾನ್ಯದಲ್ಲಿಯೇ ಇರುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಶರ್ಕರೆಯಾಗಿ ಪರಿವರ್ತಿಸುತ್ತವೆ. ಆ ಸಿಹಿರಸವನ್ನು ಬಸಿದುಕೊಂಡ ಮೇಲೂ ಪ್ರತಿ ಕಿಲೋ ಧಾನ್ಯವು ಸುಮಾರು ಒಂದು ಲೀಟರನ್ನು ತನ್ನಲ್ಲಿಯೇ ಹೀರಿಟ್ಟುಕೊಂಡಿರುತ್ತದೆ. ಅದನ್ನು ತೊಳೆದು ತೆಗೆಯುವುದೇ ಸ್ಪಾರ್ಜಿಂಗ್. ಮೇಲಿನಿಂದ ನೀರು ಸಿಂಪಡಿಸುತ್ತ, ಕೆಳಗೆ ಅದೇ ವೇಗದಲ್ಲಿ ರಸವನ್ನು ಇಳಿಸುತ್ತ, ಬಹುಹೊತ್ತು ಕಾದು ನಿಲ್ಲುವುದು ಫ್ಲೈ ಸ್ಪಾರ್ಜಿಂಗಿನ ಕ್ರಮ. ಬ್ಯಾಚ್ ಕ್ರಮದಲ್ಲಾದರೋ ಮೊದಲ ರಸವನ್ನು ಪೂರ್ಣವಾಗಿ ಬಸಿದು, ಉಳಿದ ಬಿಸಿನೀರನ್ನೆಲ್ಲ ಒಮ್ಮೆಗೇ ಸುರಿದು, ತಳದವರೆಗೆ ಚೆನ್ನಾಗಿ ಕಲಕಿ, ಆರಂಭದಲ್ಲಿ ಮಡ್ಡಿಯಾಗಿ ಬರುವ ರಸವನ್ನು ಮತ್ತೆ ಮೇಲಕ್ಕೆ ಹೊಯ್ದು, ತಿಳಿಯಾದೊಡನೆ ಎರಡನೆಯ ಸಲ ಬಸಿಯುತ್ತಾರೆ. ವಿಹಾರಕ್ಕೆ ಒಯ್ಯುವ ಕೂಲರ್ ಪೆಟ್ಟಿಗೆಯನ್ನೂ ಉಕ್ಕಿನ ಹೆಣಿಗೆಯ ಕೊಳವೆಯನ್ನೂ ಜೋಡಿಸಿ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಓರೆಗಾನಿನ ಡೆನ್ನಿ ಕಾನ್ ಪ್ರಮುಖರು.

ಇದರಲ್ಲಿ ಸಿಹಿ ವ್ಯರ್ಥವಾಗುತ್ತದೆಂಬ ಆಕ್ಷೇಪವನ್ನು ಲೆಕ್ಕವೇ ಪರಿಹರಿಸುತ್ತದೆ. 5 ಕಿಲೋ ಮಾಲ್ಟಿಗೆ 17 ಲೀಟರ್ ನೀರು ಬೆರೆಸಿದರೆ 12 ಲೀಟರ್ ರಸ ಇಳಿದು 5 ಲೀಟರ್ ಉಳಿಯುತ್ತದೆ; ಎಂದರೆ ಶರ್ಕರೆಯಲ್ಲಿ ಶೇಕಡಾ 29ರಷ್ಟು ಒಳಗೇ ನಿಂತಿರುತ್ತದೆ. ಇನ್ನೊಮ್ಮೆ 12 ಲೀಟರ್ ಸುರಿದು ಬಸಿದರೆ ಆ ಉಳಿಕೆ ಸುಮಾರು ಶೇಕಡಾ 9ಕ್ಕೆ ಇಳಿಯುತ್ತದೆ. ಅಷ್ಟೇ ನೀರನ್ನು ಮೂರು ಸಮಪಾಲಾಗಿ ಬಸಿಯುವಂತೆ ಹಂಚಿದರೂ ಹೆಚ್ಚು ದೊರೆಯುವುದು ಶೇಕಡಾ 3 ಮಾತ್ರ. ಎರಡೂ ಸಲ ಇಳಿಯುವ ರಸ ಸಮಪ್ರಮಾಣದಲ್ಲಿದ್ದಾಗ ಫಲವು ಗರಿಷ್ಠವೆಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಇಷ್ಟಾದರೂ ಇಳುವರಿ ಕಡಮೆಯಾದಲ್ಲಿ, ದೋಷವು ಬಹುಮಟ್ಟಿಗೆ ತೊಳೆಯುವುದರಲ್ಲಿರದೆ ಬೀಸುವುದರಲ್ಲಿರುತ್ತದೆ: ಒಡೆಯದೆ ಉಳಿದ ಕಾಳಿನ ಪಿಷ್ಟವನ್ನು ಯಾವ ನೀರೂ ಹೊರತರಲಾರದು. ಕಾಳು ನುರಿಯಬೇಕು, ಆದರೆ ಶೋಧಕವಾಗಿ ನಿಲ್ಲುವ ಅದರ ಸಿಪ್ಪೆ ಪುಡಿಯಾಗಬಾರದು.

ಶೇಕಡಾ 75 ಇಳುವರಿ ಪ್ರತಿ ಸಲವೂ ತಪ್ಪದೆ ಪಡೆಯುವವನು, ಒಮ್ಮೆ 85, ಒಮ್ಮೆ 65 ಪಡೆಯುವವನಿಗಿಂತ ಉತ್ತಮ ತಯಾರಕ. ಮೊದಲನೆಯವನಿಗೆ ಕೊರತೆಯಾಗುವುದನ್ನು ಒಂದೆರಡು ಹಿಡಿ ಮಾಲ್ಟು ತುಂಬಿಕೊಡುತ್ತದೆ, ಎರಡನೆಯವನಿಗೆ ತನ್ನ ಬಿಯರಿನ ಬಲವೇ ಮುಂಗಾಣದು.