ಬಳಸಿದ ಕಾರನ್ನು ಕೊಳ್ಳುವ ಮುನ್ನ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಸಂಸಾರಕ್ಕೆ ಕಾರು ತಡವಾಗಿ ಬರುವ ಅತಿಥಿ. ಮೊದಲು ಉದ್ಯೋಗ, ಬಳಿಕ ತಲೆಯ ಮೇಲೊಂದು ಸೂರು, ಊರಿನ ಮನೆಯ ದುರಸ್ತಿ, ತಂಗಿಯರ ಮದುವೆ, ಮಕ್ಕಳ ವಿದ್ಯಾಭ್ಯಾಸ. ಇವೆಲ್ಲ ಒಂದು ದಡ ಸೇರಿದ ಮೇಲೆಯೇ ಕಾರಿನ ಮಾತು. ಹಾಗೆ ಬಂದ ಅತಿಥಿ ಹದಿನೈದು ವರ್ಷ ಜೊತೆಗಿದ್ದು ಮನೆಯವನೇ ಆಗಿಬಿಟ್ಟರೆ ಅವನನ್ನು ಬೀಳ್ಕೊಡುವುದು ಸುಲಭವಲ್ಲ. 2010ರಲ್ಲಿ ಹೊಸದಾಗಿ ಕೊಂಡ ನಮ್ಮ ಕಾರಿನ ವಿಷಯದಲ್ಲಿ ಆದುದು ಇದೇ. ತೀರ್ಥರೂಪರನ್ನು ಕೊನೆಯ ಬಾರಿ ಆಸ್ಪತ್ರೆಗೆ ಕರೆದೊಯ್ದುದು ಅದರಲ್ಲಿಯೇ. ಮಗಳು ಕಾಲೇಜಿನ ಮೊದಲ ದಿನ ಇಳಿದುದೂ ಅದರಿಂದಲೇ.

2025ರ ಜುಲೈ ತಿಂಗಳ ಒಂದು ಬೆಳಗ್ಗೆ, ಠಾಣೆಯ ಘೋಡ್‌ಬಂದರ್ ರಸ್ತೆಯ ನಡುವೆ, ಸುರಿಯುವ ಮಳೆಯಲ್ಲಿ ಅದು ನಿಂತುಬಿಟ್ಟಿತು. ಎಪ್ಪತ್ತಾರು ವರ್ಷದ ನಮ್ಮ ತಾಯಿಯವರನ್ನು ಹೃದಯದ ತಪಾಸಣೆಗೆ ಕರೆದೊಯ್ಯುತ್ತಿದ್ದೆವು. ಮಂಡಿನೋವಿನ ಆ ಜೀವ ಅರ್ಧ ಗಂಟೆಯ ಕಾಲ ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಿಲ್ಲಬೇಕಾಯಿತು. ಅಲ್ಲಿ ಅವರು ಏನನ್ನೂ ಅನ್ನಲಿಲ್ಲ. ಮನೆಗೆ ಬಂದು ಸೆರಗು ಹಿಂಡುತ್ತ, "ಮಗಾ, ಅದಕ್ಕೂ ವಯಸ್ಸಾಯಿತು, ನನಗೂ ವಯಸ್ಸಾಯಿತು. ಬದಲಾಯಿಸಲು ಆಗುವುದನ್ನಾದರೂ ಬದಲಾಯಿಸು" ಎಂದರು. ನಗುತ್ತಲೇ ಹೇಳಿದ ಮಾತು. ಆದರೆ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಅಂದಿನಿಂದ ಮೂರು ತಿಂಗಳು ನಾವು ಕಲಿತ ಪಾಠಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮಂತೆಯೇ ಹಳೆಯ ಕಾರನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿರುವ ಬಂಧುಗಳು ಮುಂಬಯಿ, ಪುಣೆಗಳಲ್ಲಿ ಮಾತ್ರವಲ್ಲ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿಯೂ ಅನೇಕರಿದ್ದಾರೆ.

ದುರಸ್ತಿಯೋ, ಬದಲಾವಣೆಯೋ?

ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷ. ಅದು ಮುಗಿದ ಮೇಲೆ ಕಾರನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 600 ರೂಪಾಯಿ ಇದ್ದ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಮಹಾರಾಷ್ಟ್ರದಲ್ಲಿ ಇದರ ಮೇಲೆ ಪರಿಸರ ತೆರಿಗೆಯೂ ಉಂಟು. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರು, ಹದಿನೈದು ಮೀರಿದ ಪೆಟ್ರೋಲ್ ಕಾರುಗಳ ಮೇಲಣ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2025ರಲ್ಲಿ ಆ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದಿತು. ಆದುದರಿಂದ ಅಲ್ಲಿನ ನಮ್ಮವರು ಹಳೆಯ ಡೀಸೆಲ್ ಕಾರಿಗೆ ಕೈಹಾಕದಿರುವುದೇ ಲೇಸು.

ಶುಲ್ಕ, ತೆರಿಗೆಗಳನ್ನು ಹೇಗೋ ಕಟ್ಟಬಹುದಿತ್ತು. ಆದರೆ ಮೂವತ್ತು ವರ್ಷಗಳಿಂದ ಠಾಣೆಯಲ್ಲಿ ಗ್ಯಾರೇಜು ನಡೆಸುತ್ತಿರುವ ಕಾರ್ಕಳದ ಕಡೆಯ ಮೇಸ್ತ್ರಿಯೊಬ್ಬರು ಕಾರಿನ ಅಡಿಗೆ ನುಸುಳಿ ಹೊರಬಂದು, "ರಾಯರೇ, ಎಂಜಿನ್ ಬಿಚ್ಚಿದರೆ ಸರಿಹೋದೀತು, ತಳದ ತಗಡಿಗೆ ತುಕ್ಕು ಹಿಡಿದಿದೆಯಲ್ಲ, ಅದಕ್ಕೆ ಮದ್ದಿಲ್ಲ" ಎಂದರು. ಕಡಲ ತೀರದ ಉಪ್ಪುಗಾಳಿ ಮುಂಬಯಿಯ ಕಾರುಗಳನ್ನು ಒಳಗಿನಿಂದ ತಿನ್ನುತ್ತದೆ. ದುರಸ್ತಿಯ ವೆಚ್ಚವು ಕಾರಿನ ಬೆಲೆಯ ಅರ್ಧವನ್ನು ಮುಟ್ಟುವಂತಿದ್ದರೆ, ದುರಸ್ತಿಯಾದ ಮೇಲೆಯೂ ಮನೆಯ ಮುದುಕರನ್ನು ನಂಬಿ ಕೂರಿಸುವ ಧೈರ್ಯ ಬಾರದಿದ್ದರೆ, ಆ ಕಾರಿನ ಋಣ ತೀರಿತೆಂದೇ ತಿಳಿಯಬೇಕು.

ಮುನ್ನೂರೈವತ್ತಾರು ದಿನಗಳ ಲೆಕ್ಕ

ನಮ್ಮ ಕೈಯಲ್ಲಿದ್ದ ಗಂಟು ಐದು ಲಕ್ಷ ರೂಪಾಯಿ. ಮಗನ ಕಾಲೇಜಿನ ಶುಲ್ಕವನ್ನು ಅದರಿಂದ ಬೇರೆ ತೆಗೆದಿರಿಸಿದ್ದೆವು, ಅದನ್ನು ಮುಟ್ಟುವಂತಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಮೇಲಣ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಾಗ ಹೊಸ ಕಾರಿನ ಆಸೆಯೂ ಚಿಗುರಿತು. ಆದರೆ ರಸ್ತೆ ತೆರಿಗೆ, ವಿಮೆಗಳನ್ನು ಸೇರಿಸಿದರೆ ನಮಗೆ ಒಪ್ಪುವಂತಹುದು ನಿಲುಕಲಿಲ್ಲ. ಒಂದು ಲಾಭವಂತೂ ಆಯಿತು: ಹೊಸತರ ಬೆಲೆ ಇಳಿದರೆ ಹಳತರ ಬೆಲೆಯೂ ಇಳಿಯಲೇಬೇಕೆಂದು ಚೌಕಾಶಿ ಮಾಡಲು ಕಾರಣ ದೊರೆಯಿತು.

ಮೊದಲು ನಮ್ಮ ಮನಸ್ಸನ್ನು ಸೆಳೆದುದು ಡೀಸೆಲಿನ ಒಂದು ಎತ್ತರದ ದೊಡ್ಡ ಕಾರು. ವರ್ಷಕ್ಕೊಮ್ಮೆ ಕುಂದಾಪುರದ ಕಡೆಯ ನಮ್ಮ ಊರಿಗೆ, ಎಂಟುನೂರಕ್ಕೂ ಹೆಚ್ಚು ಕಿಲೋಮೀಟರುಗಳ ದಾರಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದು. ಬರುವಾಗ ಅಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳಗಳನ್ನು ತುಂಬಿಕೊಳ್ಳಬಹುದು. ಮಗನಿಗಂತೂ ಹಿಗ್ಗೇ ಹಿಗ್ಗು. ಆಗ ನಮ್ಮ ಮನೆಯಾಕೆ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಕಾರು ಎಲ್ಲೆಲ್ಲಿಗೆ ಹೋಗಿತ್ತೆಂದು ಗುರುತು ಹಾಕಿದರು. ಊರಿನ ಪ್ರಯಾಣಕ್ಕೆ ಸಂದುದು ಒಂಬತ್ತು ದಿನ. ಉಳಿದ ಮುನ್ನೂರೈವತ್ತಾರು ದಿನಗಳಲ್ಲಿ ಕಾರು ಹೊರಟಾಗಲೆಲ್ಲ ಹೋದುದು ಆಸ್ಪತ್ರೆಗೆ, ಸಂತೆಗೆ, ರೈಲು ನಿಲ್ದಾಣಕ್ಕೆ, ದೇವಸ್ಥಾನಕ್ಕೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ. ಯಾವುದೂ ಹದಿನೈದು ಕಿಲೋಮೀಟರನ್ನು ಮೀರಿದುದಲ್ಲ.

ಒಂಬತ್ತು ದಿನಗಳ ಕನಸಿಗಾಗಿ ಮುನ್ನೂರೈವತ್ತಾರು ದಿನಗಳ ಅನನುಕೂಲವನ್ನು ಕೊಳ್ಳಹೊರಟಿದ್ದೆವು! ಅದೂ ಅಲ್ಲದೆ, 2020ರ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವೊಂದಿದೆ. ಆಗಾಗ ದೂರದ ಓಟ ದೊರೆತರೆ ಅದು ತಾನಾಗಿಯೇ ಶುದ್ಧವಾಗುತ್ತದೆ. ನಗರದ ಗಿಜಿಗುಟ್ಟುವ ರಸ್ತೆಗಳಲ್ಲಿ ತೆವಳುವ ಕಾರಿನಲ್ಲಿ ಕಟ್ಟಿಕೊಂಡು ಖರ್ಚು ತಂದಿಡುತ್ತದೆ. ಸಿ.ಎನ್.ಜಿ. ಕಾರನ್ನೂ ವಿಚಾರಿಸಿದೆವು. ಅದರ ಖರ್ಚು ಕಡಿಮೆ ನಿಜ. ಆದರೆ ಅನಿಲದ ಸಿಲಿಂಡರು ಹಿಂದಿನ ಸಾಮಾನಿನ ಜಾಗವನ್ನು ಆಕ್ರಮಿಸುತ್ತದೆ, ಮೂರು ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸಿರಬೇಕು, ಹೊರಗಿನಿಂದ ಜೋಡಿಸಿದ್ದಾದರೆ ನೋಂದಣಿ ಪತ್ರದಲ್ಲಿ ಅದು ದಾಖಲಾಗಿರಬೇಕು. ದಿನವೂ ಐವತ್ತು ಅರವತ್ತು ಕಿಲೋಮೀಟರು ಓಡಾಡುವವರಿಗೆ ಅದು ತಕ್ಕದ್ದು. ತಾಯಿಯವರ ನಡೆಗೋಲು, ಗಾಲಿಕುರ್ಚಿಗಳಿಗೆ ಎಡೆ ಬೇಕಿದ್ದ ನಮಗಲ್ಲ.

ಯಾವ ವರ್ಷದ ಕಾರು?

ಬಳಸಿದ ಕಾರಿನಲ್ಲಿ ತಯಾರಾದ ವರ್ಷಕ್ಕೆ ಬಹಳ ಮಹತ್ವವಿದೆ. ಚಾಲಕನ ಮುಂದಿನ ಗಾಳಿಚೀಲ, ಬೆಲ್ಟು ಕಟ್ಟದಿದ್ದರೆ ಎಚ್ಚರಿಸುವ ಸದ್ದು, ಹಿಂದಕ್ಕೆ ಸರಿಯುವಾಗ ಅಡ್ಡಿಯನ್ನು ತಿಳಿಸುವ ಸಾಧನ ಇವು 2019ರ ಜುಲೈಯಿಂದ ಕಡ್ಡಾಯವಾದವು. ಹೊಗೆಯ ಕಟ್ಟುನಿಟ್ಟಾದ ಬಿ.ಎಸ್. 6 ನಿಯಮವು 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಅನ್ವಯವಾಯಿತು. ಆದುದರಿಂದ ಐದಾರು ವರ್ಷದ ಕಾರು ಮಧ್ಯಮ ವರ್ಗಕ್ಕೆ ಹದವಾದುದು. ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲು ಬಂದಿರುವುದರಿಂದ 2023ಕ್ಕಿಂತ ಹಿಂದಿನ ಕಾರುಗಳಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನು ಮೇಸ್ತ್ರಿಯ ಕಣ್ಣಿಗೆ ಹಾಕುವುದು ಒಳ್ಳೆಯದು.

ಕೊನೆಗೆ ಎರಡು ಹೆಸರುಗಳು ಉಳಿದವು: ಟಾಟಾ ಟಿಯಾಗೊ ಮತ್ತು ಮಾರುತಿ ವ್ಯಾಗನ್ ಆರ್. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಟಿಯಾಗೊ 2020ರಲ್ಲಿ 4 ನಕ್ಷತ್ರಗಳನ್ನು ಗಳಿಸಿತು. ವ್ಯಾಗನ್ ಆರ್ 2019ರಲ್ಲಿ 2 ನಕ್ಷತ್ರಗಳನ್ನು. ಕಾಗದದ ಮೇಲೆ ತೀರ್ಪು ಸ್ಪಷ್ಟವಾಗಿತ್ತು. ಆದರೆ ತಾಯಿಯವರನ್ನು ಎರಡರಲ್ಲೂ ಕೂರಿಸಿ ಇಳಿಸಿ ನೋಡಿದೆವು. ಒಂದರಿಂದ ಏಳಲು ಅವರಿಗೆ ನಮ್ಮ ಕೈ ಬೇಕಾಯಿತು. ಎತ್ತರದ ಆಸನದ ಇನ್ನೊಂದರಿಂದ ಕುರ್ಚಿಯಿಂದ ಎದ್ದಂತೆ ತಾವೇ ಎದ್ದರು. ನಗರದ ನಿಧಾನ ಗತಿಯಲ್ಲಿ ದಿನದಿನವೂ ನೋಯುವ ಮಂಡಿ ಒಂದೆಡೆ, ಹೆದ್ದಾರಿಯ ವೇಗದಲ್ಲಿ ಒದಗಬಹುದಾದ ಅಪಾಯ ಇನ್ನೊಂದೆಡೆ. ಬಹಳ ಯೋಚಿಸಿ ಒಂದು ನಿಶ್ಚಯಕ್ಕೆ ಬಂದೆವು: ಕಾರು ನಗರಕ್ಕೆ, ರೈಲು ಊರಿಗೆ. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾದಂದಿನಿಂದ ಕುಂದಾಪುರ ನಮಗೆ ಒಂದು ರಾತ್ರಿಯ ನಿದ್ರೆಯಷ್ಟೇ ದೂರ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವ ಕುಟುಂಬವು ನಮ್ಮ ಆಯ್ಕೆಯನ್ನು ಅನುಸರಿಸಬಾರದು. ಅವರು ನಕ್ಷತ್ರಗಳನ್ನೇ ಮೊದಲು ಎಣಿಸಬೇಕು.

ಹಲ್ಲು ನೋಡಿ, ಸುಳಿ ನೋಡಿ

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಯಿಸಿ ನೋಡುತ್ತಿದ್ದರು. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಕಾರಿಗೂ ಅದೇ ನ್ಯಾಯ. ನಾವು ನೋಡಿದ ಮೊದಲನೆಯದು ಬೆಳ್ಳಿಯ ಬಣ್ಣದ, ಥಳಥಳಿಸುವ, ಬೆಲೆಯಲ್ಲಿ ಎಲ್ಲರಿಗಿಂತ ಅಗ್ಗದ ಕಾರು. ದಲ್ಲಾಳಿ ಅದೇ ದಿನ ಮುಂಗಡ ಕೇಳಿದ. ನಾವು ಜೇಬಿಗೆ ಕೈಹಾಕಿಯೂ ಇದ್ದೆವು. ಮೇಸ್ತ್ರಿಯವರು ಮಾತಾಡದೆ ಹಿಂಬದಿಯ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರು. ಬುಡದಲ್ಲಿ ಒಣಗಿದ ಕೆಸರಿನ ಗೆರೆ! ಕಾಲಡಿಯ ಹಾಸನ್ನು ಎತ್ತಿದರೆ ಮುಗ್ಗಲು ವಾಸನೆ, ಆಸನದ ಕೆಳಗಿನ ಕಂಬಿಗಳಲ್ಲಿ ತುಕ್ಕು. ನೆರೆಯಲ್ಲಿ ಮುಳುಗಿ ಎದ್ದ ಕಾರು ಅದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡ ಮುಂಬಯಿಯವರಿಗೆ, 2015ರ ನೆರೆ ಕಂಡ ಚೆನ್ನೈಯವರಿಗೆ, ಮುಳುಗಿದ ಕಾರು ಎಂದರೇನೆಂದು ವಿವರಿಸಬೇಕಾಗಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಅಂದು ಮೇಸ್ತ್ರಿಯವರು ಹೇಳಿಕೊಟ್ಟ ಕೆಲವು ಗುರುತುಗಳು ಹೀಗಿವೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ಸಂಶಯಿಸಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆಯನ್ನು ಸುಡುತ್ತಿದೆ. ಬಿಸಿಯಾದ ಮೇಲೆಯೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಕ್ಕೆ ಸೇರುತ್ತಿದೆ. ಬಾನೆಟ್ಟಿನ, ಬಾಗಿಲುಗಳ ಬೋಲ್ಟುಗಳ ಮೇಲೆ ಪಾನದ ಗುರುತಿದ್ದರೆ ಅವನ್ನು ಒಮ್ಮೆ ಬಿಚ್ಚಲಾಗಿದೆ ಎಂದರ್ಥ. ಟಾಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2320 ಎಂದಿದ್ದರೆ 2020ರ 23ನೆಯ ವಾರದಲ್ಲಿ ತಯಾರಾದುದು. ಇಪ್ಪತ್ತು ಸಾವಿರ ಕಿಲೋಮೀಟರು ಮಾತ್ರ ಓಡಿದೆಯೆಂದು ಮೀಟರು ಹೇಳುತ್ತಿದ್ದು, ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ರಬ್ಬರನ್ನೇ ನಂಬಬೇಕು, ಮೀಟರನ್ನು ತಿದ್ದಬಹುದು. "ಬಣ್ಣ ನೋಡಬೇಡಿ ರಾಯರೇ, ಬೋಲ್ಟು ನೋಡಿ" ಎಂಬ ಅವರ ಮಾತನ್ನು ನಾವು ಮರೆಯಲಾರೆವು.

ಕಾಗದಪತ್ರಗಳು

ಕಾರಿನಷ್ಟೇ ಮುಖ್ಯವಾದುವು ಅದರ ಕಾಗದಗಳು. ನೋಂದಣಿ ಪತ್ರದಲ್ಲಿ ಎಷ್ಟನೆಯ ಮಾಲಿಕರು, ಬ್ಯಾಂಕಿನ ಸಾಲ ಬಾಕಿಯಿದೆಯೇ, ದಂಡದ ಚಲನುಗಳು ಉಳಿದಿವೆಯೇ ಎಂಬುದನ್ನು ಸರಕಾರದ ಪರಿವಾಹನ್ ತಾಣದಲ್ಲಿ ತಾಳೆ ನೋಡಬಹುದು. ಸಾಲ ತೀರಿದ್ದರೂ ಪತ್ರದಲ್ಲಿ ಬ್ಯಾಂಕಿನ ಹೆಸರು ಅಳಿಸಿರದಿದ್ದರೆ ಹಣ ಕೊಡಬಾರದು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು. ವಿಮೆಯನ್ನೂ ಕೂಡಲೇ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ದೊರೆಯುವ ವಿಮೆಯ ರಿಯಾಯಿತಿ ಮಾಲಿಕನದು, ಕಾರಿನದಲ್ಲ.

ಮಾರುವವರಿಗೂ ಒಂದು ಎಚ್ಚರಿಕೆ. ಹೆಸರು ಬದಲಾಗದೆ ಕಾರು ಕೈಬದಲಾದರೆ, ಮುಂದೆ ಅಪಘಾತವಾದಾಗ ದಾಖಲೆಯಲ್ಲಿರುವ ಮಾಲಿಕನೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದುದರಿಂದ ಖಾಲಿ ಫಾರಮುಗಳಿಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡುವ ಸುಲಭದ ದಾರಿ ನಿಜಕ್ಕೂ ಕಷ್ಟದ ದಾರಿ.

ಪರಊರಿನ ಕನ್ನಡಿಗರಾದ ನಮಗೆ ಇನ್ನೊಂದು ಪ್ರಶ್ನೆಯೂ ಉಂಟು: ನಿವೃತ್ತಿಯ ಬಳಿಕ ಊರಿಗೆ ಮರಳುವುದಾದರೆ? ಒಂದು ರಾಜ್ಯದ ಕಾರನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರಿಸಿಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಲೇಬೇಕು. ಇಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದಲ್ಲಿ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು. ಒಂದೆರಡು ವರ್ಷಗಳಲ್ಲೇ ಮರಳುವವರು ಇಲ್ಲಿ ಕಾರು ಕೊಳ್ಳದೆ ಊರಿನಲ್ಲೇ ಕೊಳ್ಳುವುದು ಲಾಭಕರ. ನಮ್ಮ ನಿವೃತ್ತಿಗೆ ಇನ್ನೂ ಎಂಟು ವರ್ಷಗಳಿರುವುದರಿಂದ ಇಲ್ಲಿಯೇ ಕೊಂಡೆವು.

ದೀಪಾವಳಿಗೆ ಮುನ್ನ ನಿವೃತ್ತ ಶಿಕ್ಷಕರೊಬ್ಬರಿಂದ 2020ರ ವ್ಯಾಗನ್ ಆರ್ ನಮ್ಮ ಮನೆಗೆ ಬಂದಿತು. ಪ್ರತಿ ದುರಸ್ತಿಯ ರಸೀದಿಯನ್ನೂ ಅವರು ದಾರದಿಂದ ಹೊಲಿದು ಇರಿಸಿದ್ದರು. ಆ ಕಟ್ಟನ್ನು ನೋಡಿದ ಮೇಲೆ ಮೇಸ್ತ್ರಿಯವರು ಕಾರನ್ನು ಪರೀಕ್ಷಿಸಿದುದು ಬರಿಯ ಶಾಸ್ತ್ರಕ್ಕೆ ಎನ್ನಬೇಕು. ಬೆಲೆ ನಾಲ್ಕು ಲಕ್ಷ ನಲವತ್ತು ಸಾವಿರ. ಉಳಿದ ಅರವತ್ತು ಸಾವಿರದಲ್ಲಿ ನಾಲ್ಕು ಹೊಸ ಟಾಯರು, ಬ್ಯಾಟರಿ, ವಿಮೆಗಳು ಆದುವು. ಗಂಟನ್ನೆಲ್ಲ ಬೆಲೆಗೇ ಸುರಿಯದೆ ಹತ್ತನೆಯ ಒಂದು ಪಾಲನ್ನಾದರೂ ಹೀಗೆ ಉಳಿಸಿಕೊಳ್ಳುವುದು ಜಾಣತನ.

ಹಳೆಯ ಕಾರನ್ನು ಮಾರಲು ಮನಸ್ಸಾಗಲಿಲ್ಲ; ಅದು ಇನ್ನೊಬ್ಬರ ತಾಯಿಯನ್ನು ಮಳೆಯಲ್ಲಿ ನಿಲ್ಲಿಸಬಾರದು. ಅಂಗೀಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಪ್ರಮಾಣಪತ್ರ ಪಡೆದು, ನೋಂದಣಿಯನ್ನು ರದ್ದು ಮಾಡಿಸಿದೆವು. ಹೋಗುವ ಮುನ್ನ ತಾಯಿಯವರು ಅದರ ಮುಂದೊಂದು ತೆಂಗಿನಕಾಯಿ ಒಡೆಸಿದರು.

ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಹೊಸ ಕಾರನ್ನು ನಿಲ್ಲಿಸಿ, ಎಂದಿನಂತೆ ಇಳಿಸಿಕೊಳ್ಳಲು ಸುತ್ತಿ ಬರುವಷ್ಟರಲ್ಲಿ ಅವರು ತಾವಾಗಿಯೇ ಇಳಿದು ನಿಂತಿದ್ದರು. ನಾವು ಚಾಚಿದ ಕೈಯನ್ನು ನೋಡಿ, "ಚೀಲ ಹಿಡಿ, ಸಾಕು" ಎಂದರು.